ಇಪ್ಪತ್ತರ ಕೋವಿಗೆ ಮನೆಯಲ್ಲೇ ತೋಟೆ: ಮದ್ದಿಗಿಂತ ಕತ್ತು ಮುಖ್ಯ

ಅಂಗಡಿಯಲ್ಲಿ ತೋಟೆ ಸಿಗದ ಕೋವಿಯನ್ನು ಹಣ ಕೊಟ್ಟು ಮಾಡಿಸಿಕೊಳ್ಳುವವನ ಬುದ್ಧಿ ನೆಟ್ಟಗಿಲ್ಲವೆಂದು ಅಮೆರಿಕದ ಐಡಾಹೋ ರಾಜ್ಯದ ಬಾಯ್ಸಿಯ ನಮ್ಮ ಶೂಟಿಂಗ್ ರೇಂಜಿನಲ್ಲಿ ನನಗೆ ಹೇಳದವರು ಕಡಿಮೆ. ಇಪ್ಪತ್ತರ ಕ್ಯಾಲಿಬರೇ (ಇಂಚಿನ ನೂರನೇ ಇಪ್ಪತ್ತು ಭಾಗದಷ್ಟು ಅಗಲದ ಗುಂಡು) ಬೇಕಿದ್ದರೆ .204 ರೂಗರ್ ಕೊಂಡು, ಪೆಟ್ಟಿಗೆಯಲ್ಲಿ ಬರುವ ತೋಟೆ ಹೊಡೆದುಕೊಂಡಿರು ಎಂಬುದು ಅವರೆಲ್ಲರ ಸಲಹೆಯಾಗಿತ್ತು. ಅದೇ ಬೆಂಚಿನ ಮೇಲೆ ಈಗ ನನ್ನ ಟ್ವೆಂಟಿ ಪ್ರಾಕ್ಟಿಕಲ್ ಕೋವಿ ನೂರು ಗಜದಲ್ಲಿ ಐದು ಗುಂಡುಗಳನ್ನು ಇಂಚಿನ ಮೂರನೇ ಒಂದು ಭಾಗದಷ್ಟು ಜಾಗದೊಳಗೆ ಇಡುತ್ತಿದೆ; ಅದೂ ಅದೃಷ್ಟದ ಒಂದು ದಿನದ ಮಾತಲ್ಲ, ಗಾಳಿ ಸುಮ್ಮನಿದ್ದ ಬಹುತೇಕ ಎಲ್ಲ ಬೆಳಗುಗಳ ಮಾತು. ಸಲಹೆ ಕೊಟ್ಟವರಲ್ಲಿ ಇಬ್ಬರು ಈಗ ಚೇಂಬರ್ ಕೊರೆಯುವ ರೀಮರ್ ಎರವಲು ಕೇಳುತ್ತಿದ್ದಾರೆ. ಆದ್ದರಿಂದ ನಾನು ಏನು ಮಾಡಿದೆ, ಎಷ್ಟು ಖರ್ಚಾಯಿತು, ಯಾವುದು ಕೈಕೊಟ್ಟಿತು ಎಂಬುದನ್ನು ನೆನಪಿರುವಷ್ಟು ಬರೆದಿಡುತ್ತಿದ್ದೇನೆ. ಡೈ, ಪ್ರೆಸ್ಸು, ಕ್ಯಾಲಿಪರ್ ಬಳಸಿ ಅಭ್ಯಾಸವಿರುವವರಿಗಾಗಿ ಬರೆದದ್ದರಿಂದ ಮೂಲಪಾಠಗಳನ್ನು ಬಿಟ್ಟಿದ್ದೇನೆ.

ಟ್ವೆಂಟಿ ಪ್ರಾಕ್ಟಿಕಲ್ ಎಂದರೆ .223 ರೆಮಿಂಗ್ಟನ್ ಕೇಸಿನ (ತೋಟೆಯ ಹಿತ್ತಾಳೆ ಕೋಶ) ಕತ್ತನ್ನು, ಎಂದರೆ ಗುಂಡು ಕೂರುವ ಬಾಯಿಯ ಭಾಗವನ್ನು, .204 ಇಂಚಿನ ಗುಂಡಿಗೆ ತಕ್ಕಂತೆ ಕಿರಿದು ಮಾಡಿದ್ದು, ಅಷ್ಟೇ. ಕತ್ತಿನ ಕೆಳಗಿನ ಇಳಿಜಾರಾದ ಹೆಗಲು ಇದ್ದಲ್ಲೇ ಇರುತ್ತದೆ, ಬೋಲ್ಟಿನ ಮುಖ ಬದಲಾಗುವುದಿಲ್ಲ, ಮ್ಯಾಗಜಿನ್ನೂ ಅದೇ, ಹೆಡ್‌ಸ್ಪೇಸ್ (ಚೇಂಬರಿನಲ್ಲಿ ಕೇಸು ಕೂರುವ ಜಾಗದ ಉದ್ದ) ನೋಡಲು .223ರ ಗೇಜೇ ಸಾಕು. .204 ರೂಗರ್ 2004ರಲ್ಲಿ .222 ರೆಮಿಂಗ್ಟನ್ ಮ್ಯಾಗ್ನಮ್ ಕೇಸಿನ ಆಧಾರದ ಮೇಲೆ ಬಂದದ್ದು. ಅದರ ವೇಗ ಸ್ವಲ್ಪ ಹೆಚ್ಚು ನಿಜ, ಆದರೆ ಒಳ್ಳೆಯ ಹಿತ್ತಾಳೆ ಕೇಸು ಸಿಗುವ ವಿಷಯದಲ್ಲಿ .223ಕ್ಕೆ ಸಾಟಿಯಿಲ್ಲ. ನನ್ನನ್ನು ಒಲಿಸಿದ್ದು ಮಾತ್ರ ವೇಗವಲ್ಲ. ಭಾರದ ನಳಿಗೆಯ ಕೋವಿಯಲ್ಲಿ ಈ ಕ್ಯಾಲಿಬರಿನ ಒದೆತ ಎಷ್ಟು ಕಡಿಮೆಯೆಂದರೆ, ಗುಂಡು ಎಲ್ಲಿ ಬಿತ್ತೆಂಬುದನ್ನು ನಾವೇ ಸ್ಕೋಪಿನಲ್ಲಿ ನೋಡಬಹುದು. ಪಕ್ಕದಲ್ಲಿ ಕುಳಿತು ಹೇಳುವವರು ಬೇಕಾಗುವುದಿಲ್ಲ.

ಕೊಡಗಿನ ಮನೆಯಲ್ಲಿ ಹುಟ್ಟಿದ ನನಗೆ ಕೋವಿ ಹೊಸದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯಿಂದಾಗಿ ಜೋಡುನಳಿಗೆ ಕೋವಿ ನಮ್ಮಲ್ಲಿ ಗೋಡೆಯ ಮೇಲಿನ ಸಾಮಾನ್ಯ ವಸ್ತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಇರುವಂಥದು. ಮದ್ದುಗುಂಡು ತಯಾರಿಕೆಗೆ ಭಾರತದಲ್ಲಿ ಬೇರೆಯೇ ಪರವಾನಗಿ ಬೇಕು, ಹಾಗಾಗಿ ಇಲ್ಲಿ ಬರೆದದ್ದನ್ನು ಊರಿನಲ್ಲಿ ಯಾರೂ ಮಾಡಲು ಹೋಗಬಾರದು. ಅಮೆರಿಕದಲ್ಲಿಯೂ ನಾನು ಗ್ರೀನ್ ಕಾರ್ಡ್ ಬರುವ ತನಕ ಕಾದೆ. ವೀಸಾದ ಮೇಲಿರುವವರಿಗೆ ಬೇಟೆ ಲೈಸೆನ್ಸಿನ ಆಧಾರದ ಮೇಲೆ ಒಂದು ವಿನಾಯಿತಿ ಇದೆಯಾದರೂ, ವಕೀಲರನ್ನು ಕೇಳದೆ ಅದನ್ನು ನಂಬಿ ಕೋವಿ ಮುಟ್ಟುವುದು ಸರಿಯಲ್ಲ.

ಇನ್ನು ಹಣದ ಮಾತು. ಹಳೆಯ .223 ಬೋಲ್ಟ್ ಕೋವಿಯೊಂದು ಸುಮಾರು 450 ಡಾಲರಿಗೆ ಸಿಕ್ಕಿತು. ಅದರ ನಳಿಗೆ ಬಿಚ್ಚಿ ಹಾಕಿ, ಹನ್ನೊಂದು ಇಂಚಿಗೆ ಒಂದು ಸುತ್ತಿನ ಟ್ವಿಸ್ಟಿರುವ (ಗುಂಡನ್ನು ಗಿರಕಿ ಹೊಡೆಸುವ ಒಳತಿರುವು) ಹೊಸ ನಳಿಗೆಯನ್ನು ತರಿಸಿ, ಚೇಂಬರ್ ಕೊರೆಸಿ ಕೂರಿಸಲು ಎಂಟುನೂರರ ಆಸುಪಾಸು ಆಯಿತು. ರೀಮರಿನ ಕತ್ತಿನ ಅಳತೆ .233. ಅದೇ ರೀಮರಿನಿಂದ ಗನ್‌ಸ್ಮಿತ್ ಗುಂಡು ಕೂರಿಸುವ ಒಂದು ವಿಲ್ಸನ್ ಸೀಟಿಂಗ್ ಡೈಯ ಖಾಲಿ ತುಂಡನ್ನೂ ಕೊರೆದುಕೊಟ್ಟರು; ಇಡೀ ಯೋಜನೆಯಲ್ಲಿ ಅತಿ ಅಗ್ಗದ ಹಾಗೂ ಅತಿ ಲಾಭದ ಖರ್ಚು ಇದೇ ಎಂದು ಈಗಲೂ ಹೇಳುತ್ತೇನೆ. ರೆಡಿಂಗ್ ಕಂಪನಿಯ .223 ಬುಶಿಂಗ್ ಡೈ, ಕತ್ತನ್ನು ಕಿರಿದು ಮಾಡುವ ನಾಲ್ಕೈದು ಬುಶಿಂಗ್‌ಗಳು, ಕತ್ತು ಕೆತ್ತುವ ಸಾಧನ, ಕತ್ತಿನೊಳಗೆ ತೂರಿಸುವ ಮ್ಯಾಂಡ್ರೆಲ್ ಕಡ್ಡಿ, ಕೈಯಿಂದ ಒತ್ತುವ ಆರ್ಬರ್ ಪ್ರೆಸ್ಸು, ತೋಟೆ ಎಷ್ಟು ನೆಟ್ಟಗಿದೆಯೆಂದು ತೋರಿಸುವ ಕಾನ್ಸೆಂಟ್ರಿಸಿಟಿ ಗೇಜು, ತೆಳ್ಳನೆಯ ಕ್ಲೀನಿಂಗ್ ರಾಡು ಎಲ್ಲ ಸೇರಿ ಮತ್ತೆ ಏಳುನೂರು. ಸ್ಕೋಪನ್ನು ಬಿಟ್ಟೇ ಎರಡು ಸಾವಿರ ಡಾಲರ್ ಹೋಗಿತ್ತು, ಒಂದು ತೋಟೆಯೂ ತಯಾರಾಗಿರಲಿಲ್ಲ. ಮನೆಯವಳಿಗೆ ಇದರ ಅರ್ಧದಷ್ಟನ್ನು ಮಾತ್ರ ಹೇಳಿದ್ದೆ. ಇದನ್ನು ಓದಿ ಉಳಿದರ್ಧ ಗೊತ್ತಾದರೆ ಆಗಲಿ.

ಮೊದಲ ಕೆಲವು ತಿಂಗಳು ಫಲಿತಾಂಶ ದಯನೀಯವಾಗಿತ್ತು. ಮೂರು ಗುಂಡು ಒಂದೇ ತೂತಿನಲ್ಲಿ, ನಾಲ್ಕನೆಯದು ಒಂದೂವರೆ ಇಂಚು ಆಚೆ. ಮತ್ತೆ ಎರಡು ಸರಿ, ಮತ್ತೊಂದು ಆಚೆ. ಕೇಳಿದವರೆಲ್ಲ ಹೇಳಿದ್ದು ಒಂದೇ: ಮದ್ದು ಬದಲಾಯಿಸು. ನಾನೂ ಡಬ್ಬಿಯ ಮೇಲೆ ಡಬ್ಬಿ ತಂದೆ. ಆಗ ಒಂದು ಪೌಂಡಿಗೆ ಐವತ್ತರ ಹತ್ತಿರ ಬೆಲೆ, ತರಿಸಿಕೊಂಡರೆ ಮೇಲೆ ಅಪಾಯಕಾರಿ ಸರಕಿನ ಹಜ್‌ಮ್ಯಾಟ್ ಶುಲ್ಕ ಬೇರೆ. ಉದ್ದ ಕಾಳಿನ ಮದ್ದುಗಳಂತೂ ಇಪ್ಪತ್ತರ ಕತ್ತಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡು, ಫನಲ್ಲನ್ನು ತಟ್ಟಿ ತಟ್ಟಿ ಇಳಿಸಬೇಕಾಗುತ್ತಿತ್ತು. ಅರ್ಧ ತುಂಬಿದ ಕೇಸು ಯಾವುದು, ಉಕ್ಕಿದ ಕೇಸು ಯಾವುದು ಎಂದು ಪ್ರತಿ ಟ್ರೇಯನ್ನೂ ಟಾರ್ಚ್ ಹಿಡಿದು ನೋಡದೆ ಗುಂಡು ಕೂರಿಸುವ ಧೈರ್ಯವಾಗುತ್ತಿರಲಿಲ್ಲ. ಮದ್ದು ಎಷ್ಟು ಬದಲಾದರೂ ಆಚೆ ಹೋಗುವ ಆ ಗುಂಡು ಮಾತ್ರ ಬದಲಾಗಲಿಲ್ಲ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫಿನಲ್ಲಿ ಅತಿ ವೇಗದ ಹೊಡೆತಕ್ಕೂ ಅತಿ ನಿಧಾನದ್ದಕ್ಕೂ ಸೆಕೆಂಡಿಗೆ ಅರುವತ್ತು ಅಡಿಯಷ್ಟು ವ್ಯತ್ಯಾಸ. ನಳಿಗೆಗೆ ಕಟ್ಟುವ ಬಗೆಯ ಕ್ರೋನೋಗ್ರಾಫ್ ಇರುವವರು, ಅದು ನಳಿಗೆಯ ಕಂಪನವನ್ನೇ ಬದಲಿಸುವುದರಿಂದ, ವೇಗವನ್ನೂ ಗ್ರೂಪನ್ನೂ (ಗುಂಡುಗಳು ಬಿದ್ದ ಜಾಗದ ಅಗಲ) ಒಂದೇ ಸಲ ಅಳೆಯಬಾರದು. ನಾನು ಎರಡನ್ನೂ ಬೇರೆ ಬೇರೆ ದಿನ ನೋಡುತ್ತಿದ್ದೆ.

ಗುಟ್ಟು ಸಿಕ್ಕಿದ್ದು ಕಾನ್ಸೆಂಟ್ರಿಸಿಟಿ ಗೇಜಿನಲ್ಲಿ. ತುಂಬಿದ ತೋಟೆಗಳನ್ನು ತಿರುಗಿಸಿ ನೋಡಿದರೆ ಗುಂಡಿನ ಮೂಗು ಐದಾರು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ) ಅಲ್ಲಾಡುತ್ತಿತ್ತು, ಕೆಲವು ಎಂಟು. ನೇರವಾಗಿದ್ದವನ್ನೂ ಸೊಟ್ಟಗಿದ್ದವನ್ನೂ ಬೇರೆ ಮಾಡಿ ಹೊಡೆದಾಗ ಆಚೆ ಹೋಗುತ್ತಿದ್ದವುಗಳಲ್ಲಿ ಹೆಚ್ಚಿನವು ಸೊಟ್ಟ ರಾಶಿಯವೇ ಆಗಿದ್ದವು. .223ರ ಕತ್ತನ್ನು ಒಂದೇ ಏಟಿಗೆ ಇಪ್ಪತ್ತಕ್ಕೆ ಇಳಿಸಿದರೆ ಹಿತ್ತಾಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾಗಿ ಕೂರುತ್ತದೆ. ಆಮೇಲೆ ಕತ್ತನ್ನು ಅಗಲಿಸುವ ಡೈಯ ಎಕ್ಸ್‌ಪ್ಯಾಂಡರ್ ಗುಂಡಿಯನ್ನು ಒಳಗಿನಿಂದ ಎಳೆದಾಗ ಕತ್ತು ಇನ್ನಷ್ಟು ವಾಲುತ್ತದೆ. ದೊಡ್ಡ ಕ್ಯಾಲಿಬರಿನಲ್ಲಿ ಗಮನಕ್ಕೇ ಬಾರದ ಈ ವಾಲು, ನಲವತ್ತು ಗ್ರೇನಿನೊಳಗಿನ (ಒಂದು ಗ್ರೇನು ಸುಮಾರು 65 ಮಿಲಿಗ್ರಾಂ) ಗುಂಡಿಗೆ ದೊಡ್ಡ ಪೆಟ್ಟು. ಅಲ್ಲಿಂದ ಮುಂದೆ ಮದ್ದಿನ ಡಬ್ಬಿಗಳನ್ನೆಲ್ಲ ಬದಿಗಿಟ್ಟು ಕತ್ತಿನ ಮೇಲೆಯೇ ಕುಳಿತೆ.

ಈಗ ನಾನು ಮಾಡುವ ಕ್ರಮ ಹೀಗಿದೆ. ಹೊಸ ಲಪುವಾ .223 ಕೇಸುಗಳನ್ನು ಮೊದಲು .236 ಬುಶಿಂಗಿನಲ್ಲಿ, ನಂತರ .229ರಲ್ಲಿ, ಎರಡು ಮೆಟ್ಟಿಲಾಗಿ ಇಳಿಸುತ್ತೇನೆ. ಎಕ್ಸ್‌ಪ್ಯಾಂಡರ್ ಗುಂಡಿಯನ್ನು ಡೈಯಿಂದ ತೆಗೆದೇ ಹಾಕಿದ್ದೇನೆ. ಬದಲಿಗೆ ಮ್ಯಾಂಡ್ರೆಲನ್ನು ಮೇಲಿನಿಂದ ತೂರಿಸಿದರೆ ಒಳಗಿನ ಉಬ್ಬುತಗ್ಗುಗಳು ಹೊರಮೈಗೆ ಬರುತ್ತವೆ, ಹೊರಮೈಯನ್ನು ಕೆತ್ತಿ ತೆಗೆಯಬಹುದು. ಕತ್ತಿನ ಗೋಡೆಯನ್ನು ಹನ್ನೆರಡೂವರೆ ಥೌ ಆಗುವ ತನಕ ಕೆತ್ತುತ್ತೇನೆ. ಆಗ ಗುಂಡು ಕೂತ ಮೇಲೆ ಕತ್ತಿನ ಹೊರವ್ಯಾಸ .229, ಚೇಂಬರಿನಲ್ಲಿ ನಾಲ್ಕು ಥೌ ಜಾಗ, .227 ಬುಶಿಂಗಿನಲ್ಲಿ ಎರಡು ಥೌ ಬಿಗಿ. ಕೆತ್ತುವಾಗ ಕಟ್ಟರು ಹೆಗಲಿನ ಮೇಲೆ ಕೂದಲೆಳೆಯಷ್ಟು ಹತ್ತಬೇಕು, ಇಲ್ಲದಿದ್ದರೆ ಒಂದೆರಡು ಸಲ ಹೊಡೆದ ಮೇಲೆ ಕತ್ತಿನ ಬುಡದಲ್ಲಿ ಒಳಗಡೆ ಉಂಗುರದಂತೆ ಹಿತ್ತಾಳೆ ಉಬ್ಬಿ ಗುಂಡಿನ ಬುಡವನ್ನು ಹಿಂಡುತ್ತದೆ. ಜಾಸ್ತಿ ಹತ್ತಿದರೆ ಕತ್ತು ಅಲ್ಲಿಯೇ ಮುರಿಯುತ್ತದೆ. ಹೆಗಲನ್ನು ಪ್ರತಿ ಸಲ ಎರಡು ಥೌಗಿಂತ ಹೆಚ್ಚು ಹಿಂದಕ್ಕೆ ತಳ್ಳುವುದಿಲ್ಲ.

ಕತ್ತನ್ನು ಇಷ್ಟು ಹಿಂಸಿಸಿದ ಮೇಲೆ ಅನೀಲಿಂಗ್ (ಕತ್ತನ್ನು ಕಾಯಿಸಿ ಮೆದು ಮಾಡುವುದು) ಬೇಡವೆಂದವರ ಮಾತನ್ನು ಕೇಳಬೇಡಿ. ಅನೀಲ್ ಮಾಡದ ಒಂದು ಕಂತಿನಲ್ಲಿ ಹತ್ತಕ್ಕೆ ಎರಡರಂತೆ ಕತ್ತು ಸೀಳಿದವು, ಒಂದೊಂದಕ್ಕೂ ಡಾಲರಿನ ಹತ್ತಿರ ಬೆಲೆ. ಗ್ಯಾಸ್ ಟಾರ್ಚು, ಡ್ರಿಲ್ಲಿಗೆ ಸಿಕ್ಕಿಸಿದ ಸಾಕೆಟ್ಟು, ಶಾಖ ತೋರಿಸುವ ಬಣ್ಣ ಇಷ್ಟೇ ನನ್ನ ಯಂತ್ರ. ಕೇಸಿನ ಬುಡಕ್ಕೆ ಶಾಖ ಇಳಿಯಬಾರದೆಂಬ ಒಂದು ನಿಯಮವನ್ನು ಮಾತ್ರ ಸಡಿಲಿಸುವಂತಿಲ್ಲ, ಏಕೆಂದರೆ ಮೆದುವಾದ ಬುಡ ನಮ್ಮ ಮುಖದ ಮುಂದೆಯೇ ಒಡೆಯುತ್ತದೆ. ಗುಂಡನ್ನು ವಿಲ್ಸನ್ ಡೈಯಲ್ಲಿ ಆರ್ಬರ್ ಪ್ರೆಸ್ಸಿನಿಂದ ಕೈಗೆ ಒತ್ತಡ ತಿಳಿಯುವಂತೆ ನಿಧಾನವಾಗಿ ಕೂರಿಸುತ್ತೇನೆ. ಮೂಗಿನ ಅಲ್ಲಾಟ ಒಂದೂವರೆ ಥೌ ಒಳಗೆ ಬಂತು, ವೇಗದ ವ್ಯತ್ಯಾಸ ಇಪ್ಪತ್ತು ಅಡಿಯ ಒಳಗೆ ಬಂತು, ಆಚೆ ಹೋಗುತ್ತಿದ್ದ ಗುಂಡು ಗ್ರೂಪಿನೊಳಗೆ ಬಂತು. ಬದಿಗಿಟ್ಟಿದ್ದ ಮದ್ದುಗಳನ್ನು ಮತ್ತೆ ತೆಗೆದು ನೋಡಿದೆ. ಎರಡನ್ನು ಬಿಟ್ಟರೆ ಉಳಿದವೆಲ್ಲ ಅರ್ಧ ಇಂಚಿನೊಳಗೇ ಹೊಡೆದವು.

ಯಾವ ಮದ್ದು, ಎಷ್ಟು ಗ್ರೇನು ಎಂದು ಇಲ್ಲಿ ಬರೆಯುವುದಿಲ್ಲ. ಒಂದನೇ ಕಾರಣ, ಇಷ್ಟು ಚಿಕ್ಕ ಕೇಸಿನಲ್ಲಿ ಗ್ರೇನಿನ ಹತ್ತನೇ ಎರಡು ಭಾಗವೇ ಒತ್ತಡವನ್ನು ಏರಿಸಬಲ್ಲದು. ನನ್ನ ನಳಿಗೆಗೆ ಸುರಕ್ಷಿತವಾದದ್ದು ನಿಮ್ಮದರಲ್ಲಿ ಬೋಲ್ಟನ್ನು ಬಿಗಿ ಹಿಡಿಸಬಹುದು. ಮದ್ದಿನ ಕಂಪನಿಯವರನ್ನು ಕೇಳಿ ಕೆಳಗಿನಿಂದ ಶುರು ಮಾಡಿ, ಬೋಲ್ಟ್ ಎತ್ತುವುದು ಭಾರವಾದಾಗ ಅಥವಾ ಕೇಸಿನ ತಳದಲ್ಲಿ ಎಜೆಕ್ಟರಿನ ಗುರುತು ಕಂಡಾಗ ನಿಲ್ಲಿಸಿ ಹಿಂದಕ್ಕೆ ಬನ್ನಿ. ಎರಡನೇ ಕಾರಣ, ಅದಕ್ಕೆ ನಾನು ಸುರಿದ ಹಣ. ಮದ್ದಿಗೆ ಕಿಡಿ ಕೊಡುವ ಕೇಪಿನ ವಿಷಯದಲ್ಲಿ ಮಾತ್ರ ಜಿಪುಣತನ ಮಾಡದೆ ಹೇಳುತ್ತೇನೆ: ದಪ್ಪ ಬಟ್ಟಲಿನ ಸ್ಮಾಲ್ ರೈಫಲ್ ಕೇಪನ್ನೇ ಹಾಕಿ. ರೆಮಿಂಗ್ಟನ್ನಿನ ಆರೂವರೆ ನಂಬರಿನದು .22 ಹಾರ್ನೆಟ್‌ನಂಥ ಕಡಿಮೆ ಒತ್ತಡದವುಗಳಿಗೆ, ಈ ಕೆಲಸಕ್ಕೆ ಏಳೂವರೆ ನಂಬರಿನದು ಬೇಕು.

ನಡುವೆ ಕೆಲವು ಅಡ್ಡ ಪ್ರಯೋಗಗಳೂ ಆದವು. ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆದ ಕೇಸುಗಳು ಮದುವೆಮನೆಯ ಚೊಂಬಿನಂತೆ ಹೊಳೆದವು, ಆದರೆ ಕತ್ತಿನ ಒಳಮೈ ಒಣಗಿ ಗುಂಡನ್ನು ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ಬಿಟ್ಟು, ವೇಗದ ವ್ಯತ್ಯಾಸ ಮತ್ತೆ ನಲವತ್ತಕ್ಕೇರಿತು. ಈಗ ಜೋಳದ ದಿಂಡಿನ ಪುಡಿಯಲ್ಲಿ ಉಜ್ಜಿ, ಒಳಗಿನ ಮಸಿಯನ್ನು ಸ್ವಲ್ಪ ಉಳಿಸುತ್ತೇನೆ. ಹೊಸ ಕೇಸಿಗೆ ಆ ಮಸಿಯ ಬದಲಾಗಿ ಒಳಗೆ ಏನು ಸವರುತ್ತೇನೆಂಬುದು ನನ್ನಲ್ಲೇ ಇರಲಿ. ಗನ್ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ ಎಂದಷ್ಟೇ ಹೇಳುತ್ತೇನೆ. ಗೆಳೆಯರೊಬ್ಬರ ಒಂಬತ್ತರ ಟ್ವಿಸ್ಟಿನ ಇಪ್ಪತ್ತರ ನಳಿಗೆಯಲ್ಲಿ ತೆಳು ಹೊದಿಕೆಯ ಹಗುರ ಗುಂಡುಗಳನ್ನು ಪೂರ್ತಿ ವೇಗದಲ್ಲಿ ಹೊಡೆದಾಗ ಕೆಲವು ಗುರಿಯನ್ನೇ ಮುಟ್ಟದೆ ಗಾಳಿಯಲ್ಲಿ ಬೂದು ಗೆರೆಯಾಗಿ ಹೋದವು. ಆ ಟ್ವಿಸ್ಟಿನಲ್ಲಿ ಸೆಕೆಂಡಿಗೆ 3,900 ಅಡಿ ವೇಗವೆಂದರೆ ನಿಮಿಷಕ್ಕೆ ಮೂರು ಲಕ್ಷಕ್ಕೂ ಮೀರಿದ ಸುತ್ತು, ಹೊದಿಕೆ ತಡೆಯುವುದಿಲ್ಲ. ನಲವತ್ತು ಗ್ರೇನಿನ ತನಕ ಹನ್ನೊಂದು ಅಥವಾ ಹನ್ನೆರಡರ ಟ್ವಿಸ್ಟೇ ಸಾಕು.

ಕೋವಿಯ ನಿಜವಾದ ಕೆಲಸ ಅಲ್ಫಾಲ್ಫಾ ಮೇವಿನ ಹೊಲಗಳಲ್ಲಿ. ಸ್ನೇಕ್ ನದಿಯ ಬಯಲಿನಲ್ಲಿ ಚಳಿಗಾಲದ ಕೊನೆಗೆ ಬಿಲದಿಂದ ಹೊರಬರುವ ನೆಲದ ಅಳಿಲುಗಳು ಬೇಸಿಗೆಯ ನಡುವೆಯೇ ಮತ್ತೆ ಒಳಗೆ ಸೇರುತ್ತವೆ, ಆ ನಡುವಿನ ತಿಂಗಳುಗಳಲ್ಲಿ ರೈತರೇ ಕರೆಯುತ್ತಾರೆ. ಬೇಟೆ ಲೈಸೆನ್ಸ್ ಜೇಬಿನಲ್ಲಿರಬೇಕು, ಜಾತಿಯ ಗುರುತೂ ಇರಬೇಕು; ಆಡಮ್ಸ್ ಮತ್ತು ವ್ಯಾಲಿ ಕೌಂಟಿಗಳ ಕಡೆಯ ನಾರ್ದರ್ನ್ ಐಡಾಹೋ ಅಳಿಲು ಫೆಡರಲ್ ರಕ್ಷಣೆಯಲ್ಲಿದೆ, ಅದನ್ನು ಮುಟ್ಟುವಂತಿಲ್ಲ. ಸತ್ತ ಅಳಿಲುಗಳನ್ನು ಗಿಡುಗ, ಹದ್ದುಗಳು ತಿನ್ನುವುದರಿಂದ ಸೀಸದ ಚೂರು ಅವುಗಳ ಹೊಟ್ಟೆ ಸೇರುತ್ತದೆ. ಆದ್ದರಿಂದ ಈ ವರ್ಷ ಬಾರ್ನ್ಸ್ ಕಂಪನಿಯ 26 ಗ್ರೇನಿನ ಸೀಸವಿಲ್ಲದ ಗುಂಡನ್ನೂ ಹೊಂದಿಸುತ್ತಿದ್ದೇನೆ. ಹಗುರ ಗುಂಡಾದ್ದರಿಂದ ಗಾಳಿಗೆ ಬೇಗ ಸರಿಯುತ್ತದೆ, ಇನ್ನೂರು ಗಜದಾಚೆ ನನಗೆ ಅದು ಒಗ್ಗಿಲ್ಲ.

ಈಗಿನ ಲೆಕ್ಕದಲ್ಲಿ ಒಂದು ತೋಟೆಗೆ ಗುಂಡು, ಕೇಪು, ಮದ್ದು ಸೇರಿ ಅರುವತ್ತು ಸೆಂಟಿನ ಹತ್ತಿರ ಬೀಳುತ್ತದೆ, ಪೆಟ್ಟಿಗೆಯ .204 ತೋಟೆ ಇಲ್ಲಿ ಒಂದೂವರೆ ಡಾಲರಿನ ಆಸುಪಾಸು. ಎರಡು ಸಾವಿರ ಡಾಲರಿನ ಮೂಲ ಖರ್ಚು ಹಿಂದಿರುಗಲು ಎರಡು ಸಾವಿರಕ್ಕೂ ಹೆಚ್ಚು ಗುಂಡು ಹೊಡೆಯಬೇಕಿತ್ತು, ಕಳೆದ ವಸಂತದಲ್ಲಿ ಆ ಗಡಿ ದಾಟಿತು. ಕೇಸಿನ ತಳದಲ್ಲಿ .223 ಎಂದೇ ಅಚ್ಚಾಗಿರುವುದರಿಂದ ಈ ತೋಟೆಗಳಿಗೆ ನೀಲಿ ಪೆಟ್ಟಿಗೆಗಳನ್ನು ಪ್ರತ್ಯೇಕವಾಗಿ ಇಟ್ಟು, ನಳಿಗೆಯ ಮೇಲೆ ಕ್ಯಾಲಿಬರಿನ ಹೆಸರನ್ನು ಕೊರೆಸಿದ್ದೇನೆ. ಮೊದಲ ಕಂತಿನ ಕೇಸುಗಳಿಗೆ ಒಂಬತ್ತೋ ಹತ್ತೋ ಸಲ ಮದ್ದು ತುಂಬಿದ್ದಾಗಿದೆ, ಕೇಪಿನ ಗುಂಡಿ ಸಡಿಲವಾದ ಹತ್ತಿಪ್ಪತ್ತನ್ನು ಎಸೆದೆ, ಉಳಿದವು ಇನ್ನೂ ನಡೆಯುತ್ತಿವೆ.