ಓರೆ ಬಿಸಿಲಿನಲ್ಲಿ ಓದಿದ ಗೋರಿಗಳು

ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ, ಅಂದರೆ ಬ್ರಿಟಿಷ್ ದಂಡಿನವರ ಹಳೆಯ ಸ್ಮಶಾನ, ಕಾವೇರಿ ದಡದಲ್ಲಿದೆ. ಮೊದಲ ಸಲ ಹೋದದ್ದು ಮಧ್ಯಾಹ್ನ. ಎಷ್ಟೋ ಕಲ್ಲುಗಳಲ್ಲಿ ಒಂದಕ್ಷರವೂ ಕಾಣಲಿಲ್ಲ. ಸವೆದು ಹೋಗಿವೆ ಅಂದುಕೊಂಡು ವಾಪಸ್ ಬಂದೆ. ಇನ್ನೊಮ್ಮೆ ಬೆಳಗ್ಗೆ ಬೇಗ ಹೋದೆ. ಖಾಲಿ ಅಂದುಕೊಂಡಿದ್ದ ಕಲ್ಲಿನಲ್ಲೇ ಎರಡು ಸಾಲು ಎದ್ದು ಕಂಡವು! ಬಿಸಿಲು ಓರೆಯಾಗಿ ಬಿದ್ದರೆ ಕೆತ್ತಿದ ಗೀರಿನಲ್ಲಿ ನೆರಳು ನಿಲ್ಲುತ್ತದೆ. ಓದುವುದು ಆ ನೆರಳನ್ನೇ.

ಆಮೇಲೆ ಒಂದು ಕನ್ನಡಿ ಜೊತೆಗಿಟ್ಟುಕೊಂಡೆ. ಕಲ್ಲಿನ ಪಕ್ಕದಿಂದ ಬಿಸಿಲು ಹಾಯಿಸಿ ಫೋಟೊ ತೆಗೆಯುವುದು, ಅಷ್ಟೇ. ಅಕ್ಷರಕ್ಕೆ ಸೀಮೆಸುಣ್ಣ ತುಂಬುವುದು, ತಂತಿ ಬ್ರಷ್‌ನಲ್ಲಿ ಉಜ್ಜುವುದು ದಯವಿಟ್ಟು ಬೇಡ. ಇನ್ನೂರು ವರ್ಷ ಮಳೆ ತಡೆದುಕೊಂಡ ಕಲ್ಲನ್ನು ನಾವು ಒಂದೇ ದಿನದಲ್ಲಿ ಹಾಳು ಮಾಡಬಲ್ಲೆವು. ಗಾರೆ ಗೋರಿಗಳಿಗೆ ಸಿಮೆಂಟ್ ಮೆತ್ತುವುದೂ ಹಾಗೇ. ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ.

ಓದುವುದಕ್ಕೂ ಅಭ್ಯಾಸ ಬೇಕು. ಹಳೆಯ ಇಂಗ್ಲಿಷ್ ಕೆತ್ತನೆಯಲ್ಲಿ ಕೆಲವು ಕಡೆ ‘ಎಸ್’ ಅಕ್ಷರ ‘ಎಫ್’ ಥರ ಉದ್ದವಾಗಿರುತ್ತದೆ. ‘ರೆಲಿಕ್ಟ್’ ಅಂದರೆ ವಿಧವೆ. ಇದು ಗೊತ್ತಿಲ್ಲದೆ ಒಂದು ಹೆಂಗಸಿನ ಹೆಸರನ್ನೇ ತಪ್ಪಾಗಿ ಬರೆದುಕೊಂಡಿದ್ದೆ. ತಿದ್ದುವಾಗ ತುಂಬಾ ಬೇಜಾರಾಯಿತು. ಅವಳ ಗುರುತು ಅಂತ ಉಳಿದಿದ್ದು ಆ ಒಂದು ಸಾಲು, ಅಲ್ವಾ?

ಇಲ್ಲಿರುವವರೆಲ್ಲ ಟಿಪ್ಪು ವಿರುದ್ಧದ ಯುದ್ಧದಲ್ಲಿ ಸತ್ತವರು ಅಂತ ನಂಬಿದ್ದೆ. ಕೋಟೆ ಬಿದ್ದದ್ದು 1799ರ ಮೇ 4ರಂದು. ಆದರೆ ಅದರ ನಂತರದ ವರ್ಷಗಳೇ ಮತ್ತೆ ಮತ್ತೆ ಸಿಕ್ಕವು. ಹೆಂಡತಿಯರು, ಮಕ್ಕಳು. ಕೋಟೆಯಲ್ಲಿ ಉಳಿದ ದಂಡನ್ನು ಜ್ವರ ತಿಂದಿತು. 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದಕ್ಕೆ ಇಲ್ಲಿಯ ಜ್ವರವೂ ಒಂದು ಕಾರಣ. ಸ್ವಿಟ್ಜರ್ಲೆಂಡಿನ ಡಿ ಮ್ಯೂರನ್ ರೆಜಿಮೆಂಟಿನವರೂ ಇಲ್ಲಿದ್ದಾರೆ. ಮೊದಲು ಡಚ್ಚರ ಸೇವೆಯಲ್ಲಿದ್ದ ಆ ಪಡೆ 1795ರಲ್ಲಿ ಬ್ರಿಟಿಷರ ಕಡೆ ಬಂತು, 1806ರಲ್ಲಿ ಭಾರತ ಬಿಟ್ಟಿತು. ಹಾಗಾಗಿ ಕಲ್ಲಿನಲ್ಲಿ ಆ ಪಡೆಯ ಹೆಸರು ಕಂಡರೆ, ಇಸವಿ ಅಳಿಸಿದ್ದರೂ ಕಾಲ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಪೂರ್ತಿ ಹೆಸರಿಗೆ ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ದಾಖಲೆ ನೋಡಬೇಕು. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಉತ್ತರಕ್ಕೆ ಮುಖ ಮಾಡಿದ ಒಂದು ಕಲ್ಲು ಇನ್ನೂ ಬಾಕಿ ಇದೆ. ಕನ್ನಡಿ ಹಿಡಿಯೋಣ ಅಂದರೆ ಪಕ್ಕದ ಗೋರಿ ಅಡ್ಡ. ಜೂನ್‌ನಲ್ಲಿ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಮೋಡವಿಲ್ಲದ ದಿನ ಸಿಕ್ಕರೆ, ಈ ಸಲ ಮಧ್ಯಾಹ್ನವೇ ಹೋಗುತ್ತೇನೆ.