ಪಂಪ್ ಆಕ್ಷನ್ ಕೋವಿಯಿಂದ ತೋಟಾ ಹೊರಬರದಿದ್ದಾಗ

ನಮ್ಮದು ಕೊಡಗಿನ ಕಾಫಿ ತೋಟ. ಮನೆಯಲ್ಲಿ 12 ಬೋರಿನ ಪಂಪ್ ಆಕ್ಷನ್ ಕೋವಿ ಇದೆ. ಈ ಮಳೆಗಾಲದಲ್ಲಿ ಅದನ್ನು ಖಾಲಿ ಮಾಡುವುದೇ ಕಷ್ಟವಾಯಿತು. ಚೇಂಬರಿನ, ಅಂದರೆ ಗುಂಡು ಹಾರಿಸಲು ತೋಟಾ ಕೂರುವ ಜಾಗದ, ತೋಟಾ ಸಲೀಸಾಗಿ ಬಂತು. ನಳಿಗೆಯ ಕೆಳಗಿನ ಮ್ಯಾಗಜಿನ್ ಕೊಳವೆಯಲ್ಲಿದ್ದವು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಪಂಪ್, ಅಂದರೆ ನಳಿಗೆಯ ಕೆಳಗೆ ಹಿಂದೆ ಮುಂದೆ ಜಾರಿಸುವ ಹಿಡಿ, ಹಿಂದಕ್ಕೇ ಬರದಿದ್ದರೆ ಅದು ಬೇರೆ ವಿಷಯ. ಗುಂಡು ಹಾರಿಸಲು ಸಜ್ಜಾಗಿರುವ ಕೋವಿಯಲ್ಲಿ ಅದು ಲಾಕ್ ಆಗಿರುತ್ತದೆ. ಟ್ರಿಗರ್ ಗಾರ್ಡ್ ಹತ್ತಿರದ ಬಿಡುಗಡೆ ಗುಂಡಿ ಒತ್ತಿದರೆ ಸಾಕು. ಸುಮ್ನೆ ಎಳೆದಾಡಬೇಡಿ, ಟ್ರಿಗರ್ ಮುಟ್ಟಲೇಬೇಡಿ.

ಸೇಫ್ಟಿ ಹಾಕಿ, ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆ ತಿರುಗಿಸಿ, ಪಂಪ್ ಹಿಂದಕ್ಕೆ ಎಳೆದು ಟಾರ್ಚ್ ಬಿಟ್ಟು ನೋಡಿದೆ. ಕೋವಿಯ ಒಳಗೋಡೆಯಲ್ಲಿ ತೋಟಾ ತಡೆಯುವ ಸಣ್ಣ ಉಕ್ಕಿನ ಪಟ್ಟಿ ಇರುತ್ತದೆ. ಅದನ್ನು ಬೆರಳಲ್ಲಿ ಒತ್ತಿದರೆ ತೋಟಾಗಳು ಒಂದೊಂದೇ ಹಿಂದಕ್ಕೆ ಜಾರಬೇಕು. ಇಲ್ಲಿ ಹಳೆ ಎಣ್ಣೆಯೂ ಮದ್ದಿನ ಮಸಿಯೂ ಸೇರಿ ಪಟ್ಟಿಯ ಹಿಂದೆ ಹಲಸಿನ ಮೇಣದ ಹಾಗೆ ಅಂಟಿಕೊಂಡಿತ್ತು. ಗಟ್ಟಿಯಾಗಿ ಒತ್ತಿ ಹಿಡಿದ ಮೇಲೆ ತೋಟಾಗಳು ಬಂದವು. ಕೆಲವುದರ ಹಿತ್ತಾಳೆ ಬುಡಕ್ಕೆ ಹಸಿರು ಕಿಲುಬು ಹಿಡಿದಿತ್ತು. ಅವನ್ನು ಬೇರೆ ಎತ್ತಿಟ್ಟೆ.

ಆಮೇಲೆ ಚೇಂಬರ್, ಕೊಳವೆ ಎರಡೂ ಖಾಲಿ ಅಂತ ಬೆರಳು ಹಾಕಿ ನೋಡಿದೆ. ಹಳೇ ಟೂತ್‌ಬ್ರಷ್, ಸಾಲ್ವೆಂಟ್ ಹಿಡಿದು ಪಟ್ಟಿಯನ್ನು ಉಜ್ಜಿ, ಒರೆಸಿ, ಎಣ್ಣೆಯನ್ನು ತೆಳ್ಳಗೆ ಸವರಿದೆ. ಜಾಸ್ತಿ ಹಾಕಿದರೆ ಮತ್ತೆ ಅದೇ ಅಂಟು, ಅಲ್ವಾ? ಮದ್ದಿಲ್ಲದ ಡಮ್ಮಿ ತೋಟಾ ತುಂಬಿ ಪರೀಕ್ಷಿಸಿದೆ. ಪಟ್ಟಿ ಒತ್ತಿದ ಕೂಡಲೇ ಅಂಗೈಗೆ ಬಿದ್ದವು. ಪಟ್ಟಿಯೇ ಸವೆದಿದ್ದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೇ ಕೊಡಿ.