ಕಲ್ಚರ್ ವರದಿ ಬರುವಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾರೆ
ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳ ದಾಖಲೆ ಇಟ್ಟುಕೊಂಡು, ಊಟದಿಂದ ಬಂದ ಕರುಳಿನ ಸೋಂಕು ಎಷ್ಟು ಜನರನ್ನು ಹಾಸಿಗೆ ಹಿಡಿಸಿತು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಕಾಯಿಲೆಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ ಐಸಿಡಿ-10ರಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಗೆ ಎ02, ಇನ್ನೊಂದು ಬ್ಯಾಕ್ಟೀರಿಯಾ ಕ್ಯಾಂಪೈಲೋಬ್ಯಾಕ್ಟರ್‌ಗೆ ಎ04.5 ಇದೆಯಲ್ಲ, ಎಣಿಸಿದರಾಯಿತು ಅನ್ನಿಸುತ್ತದೆ. ಅಷ್ಟು ಸುಲಭವಿಲ್ಲ.

ಈ ದಾಖಲೆಯಲ್ಲಿ ಒಂದು ಸಾಲು ಎಂದರೆ ಒಬ್ಬ ರೋಗಿಯಲ್ಲ, ಒಬ್ಬ ಕನ್ಸಲ್ಟೆಂಟ್, ಅಂದರೆ ಹಿರಿಯ ತಜ್ಞ ವೈದ್ಯರ ಕೈಕೆಳಗೆ ಕಳೆದ ಅವಧಿ. ತುರ್ತು ವಾರ್ಡಿನಿಂದ ಐಸಿಯು, ಅಲ್ಲಿಂದ ಕಿಡ್ನಿ ವಿಭಾಗಕ್ಕೆ ಹೋದವರದು ಮೂರು ಸಾಲಾಗಬಹುದು. ಕಾಯಿಲೆ ಜೋರಾದಷ್ಟೂ ಸಾಲು ಹೆಚ್ಚು! ಹಾಗಾಗಿ ಮೊದಲು ಸಾಲುಗಳನ್ನು ಸೇರಿಸಿ ಒಬ್ಬೊಬ್ಬರ ಒಂದೊಂದು ದಾಖಲಾತಿ ಮಾಡಿಕೊಳ್ಳುತ್ತೇನೆ.

ನಿಜವಾದ ಕಷ್ಟ ಎ09, ಅಂದರೆ ಯಾವ ರೋಗಾಣು ಎಂದು ಹೇಳದ ಕರುಳಿನ ಸೋಂಕಿನ ಕೋಡ್. ಮಲದ ಕಲ್ಚರ್ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ವರದಿ ಬರಲು ದಿನಗಳು ಬೇಕು. ಅಷ್ಟರಲ್ಲಿ ಡಿಸ್ಚಾರ್ಜ್ ಆಗಿರುತ್ತದೆ, ಸಾರಾಂಶದಲ್ಲಿ ‘ಗ್ಯಾಸ್ಟ್ರೋಎಂಟರೈಟಿಸ್’ ಎಂದಷ್ಟೇ ಇರುತ್ತದೆ. ಕೋಡ್ ಹಾಕುವವರು ವೈದ್ಯರು ಬರೆದದ್ದನ್ನೇ ನೋಡಿ ಎ09 ಹಾಕುತ್ತಾರೆ. ಅದು ಅವರ ತಪ್ಪಲ್ಲ. ಆಮೇಲೆ ಬಂದ ‘ಸಾಲ್ಮೊನೆಲ್ಲಾ ಪಾಸಿಟಿವ್’ ಲ್ಯಾಬಿನ ದತ್ತಾಂಶದಲ್ಲೇ ಉಳಿಯುತ್ತದೆ. ಎರಡನ್ನೂ ಜೋಡಿಸಲು ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆ ಒಬ್ಬೊಬ್ಬ ರೋಗಿಗೂ ಕೊಡುವ ಎನ್‌ಎಚ್‌ಎಸ್ ಸಂಖ್ಯೆ ಇದೆ. ಅದರ ಹತ್ತು ಅಂಕಿಗಳಲ್ಲಿ ಕೊನೆಯದು ಮೊದಲ ಒಂಬತ್ತರಿಂದ ಲೆಕ್ಕ ಹಾಕಿ ಬಂದದ್ದು, ಆದ್ದರಿಂದ ಟೈಪಿಂಗ್ ತಪ್ಪುಗಳು ಬಹುಪಾಲು ಸಿಕ್ಕಿಬೀಳುತ್ತವೆ. ಸಂಖ್ಯೆ ಇಲ್ಲದಲ್ಲಿ ಹುಟ್ಟಿದ ದಿನ, ಲಿಂಗ, ಪೋಸ್ಟ್‌ಕೋಡ್ ನೋಡುತ್ತೇನೆ. ದಾಖಲಾಗಿ ಎರಡು ದಿನ ಕಳೆದ ಮೇಲೆ ತೆಗೆದ ಮಾದರಿಯಾದರೆ ಪಕ್ಕಕ್ಕೆ. ಸೋಂಕು ಆಸ್ಪತ್ರೆಯಲ್ಲೇ ತಗುಲಿರಬಹುದು. ಎ04.7, ಅಂದರೆ ಸಿ. ಡಿಫಿಸಿಲ್ ಬ್ಯಾಕ್ಟೀರಿಯಾದ ಸೋಂಕು, ಪೂರ್ತಿ ಹೊರಗೆ; ಅದನ್ನು ಊಟದಿಂದ ಬಂದದ್ದೆಂದು ಎಣಿಸುವುದಿಲ್ಲ. ಟೈಫಾಯ್ಡ್‌ಗೆ ಬೇರೆ ಪಟ್ಟಿ: ಇಂಗ್ಲೆಂಡಿನಲ್ಲಿ ಅದು ಹೆಚ್ಚಾಗಿ ಭಾರತ, ಪಾಕಿಸ್ತಾನಗಳಿಗೆ ನೆಂಟರನ್ನು ನೋಡಲು ಹೋಗಿ ಬಂದವರಲ್ಲಿ ಕಾಣುತ್ತದೆ.

ಮೊದಲ ರೋಗನಿರ್ಣಯವೊಂದನ್ನೇ ನೋಡುವವರಿಗೆ ಅತಿ ಗಂಭೀರ ರೋಗಿಗಳೇ ತಪ್ಪಿಹೋಗುತ್ತಾರೆ. ಇ. ಕೋಲೈ ಬ್ಯಾಕ್ಟೀರಿಯಾದ ವಿಷದಿಂದ ಮೂತ್ರಪಿಂಡ ಕೈಕೊಟ್ಟ ಮಗುವಿಗೆ ಮೊದಲು ಬರುವುದು ಡಿ59.3, ಅಂದರೆ ರಕ್ತಕಣಗಳು ಒಡೆದು ಮೂತ್ರಪಿಂಡ ಕೆಡುವ ಎಚ್‌ಯುಎಸ್. ಕರುಳಿನ ಕೋಡ್ ಎ04.3 ಎಲ್ಲೋ ಕೆಳಗಿರುತ್ತದೆ. ಹಾಗಾಗಿ ಸಾಲಿನಲ್ಲಿರುವ ರೋಗನಿರ್ಣಯದ ಇಪ್ಪತ್ತು ಕಲಂಗಳನ್ನೂ ಜಾಲಾಡುತ್ತೇನೆ. 2011ರಲ್ಲಿ ಜರ್ಮನಿಯಲ್ಲಿ ಮೊಳಕೆ ಬಂದ ಮೆಂತ್ಯದಿಂದ 800ಕ್ಕೂ ಹೆಚ್ಚು ಜನರಿಗೆ ಬಂದದ್ದು ಇದೇ ಎಚ್‌ಯುಎಸ್.

ಪ್ರಕಟಿಸುವಾಗ 1ರಿಂದ 7ರವರೆಗಿನ ಸಂಖ್ಯೆ ಕಾಣಿಸುವಂತಿಲ್ಲ, ಗುರುತು ಸಿಕ್ಕೀತೆಂದು ನಕ್ಷತ್ರ ಚಿಹ್ನೆ ಹಾಕಬೇಕು. ಆದರೆ ಎಚ್‌ಯುಎಸ್ ಆದ ಪುಟ್ಟ ಮಕ್ಕಳ ಸಂಖ್ಯೆ ಒಂದೊಂದು ಜಿಲ್ಲೆಗೆ ಅಷ್ಟೇ ಇರುತ್ತದೆ. ಅದಕ್ಕೆ ಹಲವು ವರ್ಷಗಳನ್ನು ಕೂಡಿಸಿ, ದೊಡ್ಡ ಪ್ರದೇಶದ ಲೆಕ್ಕದಲ್ಲಾದರೂ ಆ ಮಕ್ಕಳನ್ನು ಕೋಷ್ಟಕಕ್ಕೆ ತರುತ್ತೇನೆ.